ಅಪ್ಪನ ಒಂದು ಕೊಡ ನೀರು



ಇಂಜಿನಿಯರ್ ಎಂದೊಡನೆ ನಮಗೆ ಸರ್ ಎಂ. ವಿಶ್ವೇಶ್ವರಯ್ಯನವರ ಪೇಟ, ಕನ್ನಂಬಾಡಿ ಕಟ್ಟೆ ನೆನಪಾಗುತ್ತವೆ. ಅದು ಸಹಜವೇ. ಆದರೆ ಇಂದು ನಾನು ನಿಮ್ಮ ಮುಂದೆ ನೆನೆಯಹೊರಟಿರುವುದು ಯಾವ ಪುಸ್ತಕದಲ್ಲೂ ಹೆಸರಿಲ್ಲದ ಒಬ್ಬ ಇಂಜಿನಿಯರನ್ನು. ಅವರು ನನ್ನ ತಂದೆ. ಬೆಂಗಳೂರಿನ ಮೈಸೂರು ರಸ್ತೆಗೆ ಹೊಂದಿಕೊಂಡ ಬಾಪೂಜಿ ನಗರದ ನಿವಾಸಿ. ಬೀದಿಯವರಿಗೆಲ್ಲ ಅವರು 'ಇಂಜಿನಿಯರ್ ಸಾರ್'.

ಅಪ್ಪ ಹುಟ್ಟಿದ್ದು 1936ರಲ್ಲಿ, ಇಂದಿನ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅದೇ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತ್ತು. ಆದರೂ ಅಪ್ಪ ಓದಿದ್ದು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ. 1917ರಲ್ಲಿ ಆರಂಭವಾದ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ಅಂದರೆ ಇಂದಿನ ಯುವಿಸಿಇ, ಅವರಿಗೆ ಪದವಿ ಕೊಟ್ಟಿತು. 1959ರಲ್ಲಿ ರಾಜ್ಯದ ವಿದ್ಯುತ್ ಮಂಡಳಿಯನ್ನು ಸೇರಿದರು. ಮಂಡಳಿ ರಚನೆಯಾಗಿ ಆಗ ಎರಡೇ ವರ್ಷವಾಗಿತ್ತು. ಮುಂದೆ ಜನ ಅದನ್ನೇ ಕೆಇಬಿ ಎಂದು ಕರೆದರು. 35 ವರ್ಷ ಸಬ್‌ಸ್ಟೇಷನ್ನುಗಳಲ್ಲಿ ದುಡಿದು, 1994ರಲ್ಲಿ, 58ನೆಯ ವಯಸ್ಸಿಗೆ ನಿವೃತ್ತರಾದರು.

ನೌಕರಿಯಲ್ಲಿದ್ದಾಗ ಅಪ್ಪ ಮನೆಯಲ್ಲಿ ಸಿಗುತ್ತಿದ್ದುದೇ ಕಡಿಮೆ. ಮಳೆಗಾಲದ ರಾತ್ರಿ ಫೋನ್ ಬಂದರೆ ಉಣ್ಣುತ್ತಿದ್ದ ತಟ್ಟೆಯನ್ನು ಬಿಟ್ಟು ಏಳುತ್ತಿದ್ದರು. ಅಕ್ಕನ ಶಾಲಾ ವಾರ್ಷಿಕೋತ್ಸವಕ್ಕೆ ಅವರು ಒಮ್ಮೆಯೂ ಬರಲಿಲ್ಲ. ನಿವೃತ್ತಿಯ ಮರುದಿನ ಅಮ್ಮನಿಗೆ ಹೇಳಿದರಂತೆ: "ಇಷ್ಟು ದಿನ ಊರಿನ ಮನೆಗಳಿಗೆ ಬೆಳಕು ಹೋಯಿತೋ ಇಲ್ಲವೋ ಎಂದು ನೋಡಿದೆ. ಇನ್ನು ನಮ್ಮ ಮನೆ ನೋಡುತ್ತೇನೆ."

ನೋಡಿದರು ಕೂಡ. ಅಜ್ಜಿಯ ಕಣ್ಣಿಗೆ ಹೊತ್ತುಹೊತ್ತಿಗೆ ಔಷಧಿ ಹಾಕುವುದು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದು, ತರಕಾರಿ ತರುವುದು, ಎಲ್ಲವೂ ಅವರ ಪಾಲಿನ ಕೆಲಸವಾಯಿತು. ಮೇನ್ ಸ್ವಿಚ್ ಆರಿಸಿ ಫ್ಯೂಸ್ ತಂತಿ ಕಟ್ಟುವುದನ್ನು ಮಗಳಿಗೂ ಸೊಸೆಗೂ ಕಲಿಸಿದರು. "ಕತ್ತಲಾದಾಗ ಗಂಡಸರು ಬರಲಿ ಎಂದು ಯಾರೂ ಕಾಯಬಾರದು" ಎನ್ನುತ್ತಿದ್ದರು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅವರ ಭಾನುವಾರದ ಒಂದು ಕೆಲಸ. ನಮ್ಮ ಹಿತ್ತಲಿನಲ್ಲಿ ಒಂದು ಸಣ್ಣ ಗುಂಡಿಯಿತ್ತು. ಅದರೊಳಗೆ ಇದ್ದಿಲು, ಉಪ್ಪು, ನಡುವೆ ಹೂತ ಒಂದು ಕೊಳವೆ. ಮನೆಯ ವಿದ್ಯುತ್ ಜಾಲವನ್ನು ಭೂಮಿಗೆ ಸೇರಿಸುವ ಅರ್ಥಿಂಗ್ ಗುಂಡಿ ಅದು. ಬೇಸಿಗೆ ಬಂತೆಂದರೆ ಪ್ರತಿ ಭಾನುವಾರ ಅಪ್ಪ ಅದಕ್ಕೆ ಒಂದು ಕೊಡ ನೀರು ಸುರಿಯುತ್ತಿದ್ದರು. ಕುಡಿಯುವ ನೀರಿಗೇ ಬರವಿದ್ದ ದಿನಗಳಲ್ಲೂ ಬಟ್ಟೆ ಜಾಲಿಸಿದ ನೀರನ್ನು ಎತ್ತಿಟ್ಟು ಸುರಿಯುತ್ತಿದ್ದರು. ನಾವು ನಗುತ್ತಿದ್ದೆವು. ಅವರೂ ನಗುತ್ತಲೇ, "ಬದುಕಿಗೆ ಅರ್ಥ ಬೇಕು, ಮನೆಗೆ ಅರ್ಥ್ ಬೇಕು ಕಣೋ" ಎನ್ನುತ್ತಿದ್ದರು.

ಒಂದು ದಿನ ನನ್ನನ್ನು ಕೂರಿಸಿ ಲೆಕ್ಕ ಹಾಕಿಸಿದರು. ನೀವೂ ಹಾಕಿ ನೋಡಿ. ಶಾಲೆಯಲ್ಲಿ ಕಲಿತ ಓಮನ ನಿಯಮವಷ್ಟೇ ಸಾಕು. ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಇಸ್ತ್ರಿಪೆಟ್ಟಿಗೆಯೊಳಗಿನ ತಂತಿ ಸವೆದು ಅದರ ಲೋಹದ ಮೈಗೆ ತಗುಲಿತು ಎನ್ನಿ. ಗುಂಡಿ ಒಣಗಿ, ಭೂಮಿಗೆ ಹೋಗುವ ದಾರಿಯ ರೋಧ 100 ಓಮ್ ಆಗಿದ್ದರೆ ಹರಿಯುವ ಪ್ರವಾಹ 2.3 ಆಂಪಿಯರ್ ಮಾತ್ರ. 5 ಆಂಪಿಯರಿನ ಫ್ಯೂಸ್ ಸುಡುವುದಿಲ್ಲ. ಪೆಟ್ಟಿಗೆಯ ಮೈಯಲ್ಲಿ ವಿದ್ಯುತ್ತು ಹಾಗೆಯೇ ನಿಂತಿರುತ್ತದೆ, ಮುಟ್ಟುವವರಿಗಾಗಿ ಕಾಯುತ್ತಾ. ಗುಂಡಿ ತೇವವಾಗಿದ್ದು ರೋಧ 5 ಓಮ್‌ಗೆ ಇಳಿದಿದ್ದರೆ? ಪ್ರವಾಹ 46 ಆಂಪಿಯರ್. ಫ್ಯೂಸ್ ತಕ್ಷಣ ಸುಟ್ಟುಹೋಗಿ, ಮನುಷ್ಯನ ಜೀವ ಉಳಿಯುತ್ತದೆ. ಎರಡು ಲೆಕ್ಕಗಳ ನಡುವಿನ ಅಂತರವೇ ಆ ಒಂದು ಕೊಡ ನೀರು.

ಅಪ್ಪ 2021ರಲ್ಲಿ ತೀರಿಕೊಂಡರು. ಮರುವರ್ಷ ನಾನು ಮನೆಯನ್ನು ಚೆಂದಗಾಣಿಸಲು ಹೊರಟು ಹಿತ್ತಲಿಗೆಲ್ಲ ಟೈಲ್ಸ್ ಹಾಕಿಸಿದೆ. ಗುಂಡಿ ಮುಚ್ಚಿಹೋಯಿತು. ಅಗೆಯುವಾಗ ಅರ್ಥ್ ತಂತಿ ಕಡಿದುಹೋದದ್ದನ್ನೂ ನಾನು ಗಮನಿಸಲಿಲ್ಲ. ಕೆಲವು ದಿನಗಳ ಮೇಲೆ ಅಮ್ಮ ಬಟ್ಟೆ ಒಗೆಯುವ ಯಂತ್ರವನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು. "ಯಾಕೋ ಜುಮ್ ಅಂತಪ್ಪ" ಎಂದರು. ಸೋರಿಕೆ ಅತ್ಯಲ್ಪವಾಗಿದ್ದುದರಿಂದ ಅನಾಹುತವಾಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತೇಳು ವರ್ಷ ಅಪ್ಪ ಕಾಯ್ದುಕೊಂಡು ಬಂದದ್ದನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಹೂತುಹಾಕಿದ್ದೆ.

ಬೆಳಿಗ್ಗೆ ಎಲೆಕ್ಟ್ರಿಷಿಯನ್ನರ ನಂಬರು ಹುಡುಕಲು ಅಪ್ಪನ ಹಳೆಯ ಡೈರಿ ತೆರೆದೆ. ಒಂದು ಪುಟದಲ್ಲಿ ಅವರ ದುಂಡನೆಯ ಅಕ್ಷರ: ಅಮ್ಮನ ಬಿ.ಪಿ. ಮಾತ್ರೆ. ಮೊಮ್ಮಗಳ ಹುಟ್ಟುಹಬ್ಬ, ಪೆನ್ಸಿಲ್ ಡಬ್ಬಿ. ಎಲ್‌ಐಸಿ ಕಂತು. ಅರ್ಥ್ ಗುಂಡಿಗೆ ನೀರು. ನಾಲ್ಕೂ ಒಂದರ ಕೆಳಗೊಂದು, ಒಂದೇ ಪಟ್ಟಿಯಲ್ಲಿ. ಇಂಜಿನಿಯರಿಂಗ್ ಬೇರೆ, ಸಂಸಾರ ಬೇರೆ ಎಂದು ಅವರು ಎಂದೂ ಭಾವಿಸಿರಲಿಲ್ಲವೆಂಬುದು ನನಗೆ ಅರ್ಥವಾದದ್ದು ಆಗ. ಅಂದೇ ಟೈಲ್ಸ್ ಒಡೆಸಿ, ತಂತಿಯನ್ನು ಜೋಡಿಸಿ, ಗುಂಡಿಗೆ ಮುಚ್ಚಳ ಮಾಡಿಸಿದೆ.

ಮಿತ್ರರೇ, ಇಂದು 30 ಮಿಲಿ ಆಂಪಿಯರಿನಷ್ಟು ಸೋರಿಕೆಯಾದರೂ ವಿದ್ಯುತ್ತನ್ನು ತಾನಾಗಿಯೇ ಕಡಿದುಹಾಕುವ ಆರ್‌ಸಿಸಿಬಿ ಎಂಬ ಸಾಧನವಿದೆ. ಅದು ನಿಮ್ಮ ಮನೆಯಲ್ಲಿದೆಯೇ, ಅರ್ಥಿಂಗ್ ಸರಿಯಾಗಿದೆಯೇ ಎಂದು ಹಿರಿಯರನ್ನು ಕೇಳಿ. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಲು ಹೇಳಿ. ನೀವಾಗಿ ಕೈ ಹಾಕಬೇಡಿ.

ಇನ್ನೂ ಒಂದನ್ನು ಗಮನಿಸಿ. ನಿಮ್ಮ ಮನೆಯಲ್ಲಿಯೂ ಯಾರೋ ಒಬ್ಬರು, ತಾತನೋ ಅಮ್ಮನೋ, ಯಾರೂ ಮೆಚ್ಚದ ಒಂದು ಸಣ್ಣ ಕೆಲಸವನ್ನು ತಪ್ಪದೆ ಮಾಡುತ್ತಿರುತ್ತಾರೆ. ನಗುವ ಮೊದಲು, ಅದನ್ನು ಏಕೆ ಮಾಡುತ್ತೀರಿ ಎಂದು ಅವರನ್ನು ಕೇಳಿ. ಅವರು ಇರುವಾಗಲೇ ಕೇಳಿ.

ಈಗ ಬೇಸಿಗೆಯ ಭಾನುವಾರಗಳಲ್ಲಿ ಕೊಡ ಹಿಡಿಯುವುದು ನನ್ನ ಮಗಳು. ಅವಳಿಗೆ ಆ ಲೆಕ್ಕ ಬರುತ್ತದೆ.