ಕ್ಯಾಥೊಲಿಕರ ಕೂಟದಲ್ಲಿ ಎರಡು ದಿನ



ಕಳೆದ ಶನಿವಾರ, ಭಾನುವಾರ ಗೆಳೆಯರ ಕರೆಯ ಮೇಲೆ ಮಂಗಳೂರಿನಲ್ಲಿ ಕ್ಯಾಥೊಲಿಕರ ಕೂಟವೊಂದಕ್ಕೆ ಹೋಗಿದ್ದೆ. 'ಇಂದು ಕ್ಯಾಥೊಲಿಕ್ ಎಂದರೆ ಯಾರು?' ಎಂಬುದೇ ಚರ್ಚೆ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ ಬಲಿಪೂಜೆ ಲ್ಯಾಟಿನ್ ಬಿಟ್ಟು ಕೊಂಕಣಿ, ಕನ್ನಡಗಳಿಗೆ ಬಂತಲ್ಲ, ಅದನ್ನು ಹಿರಿಯರೊಬ್ಬರು ನೆನೆದರು. "ಅರ್ಥವಾಗತೊಡಗಿತು, ಪ್ರಶ್ನೆಗಳೂ ಶುರುವಾದವು."

ಯುವತಿಯೊಬ್ಬಳು ಎದ್ದಳು. "ಕೂಸಾಗಿದ್ದಾಗಲೇ ಜ್ಞಾನಸ್ನಾನ ಮಾಡಿಸಿದಿರಿ. ನನ್ನನ್ನು ಕೇಳಿದ್ದು ಯಾವಾಗ?"

"ದೃಢೀಕರಣ ಇರುವುದೇ ಅದಕ್ಕಮ್ಮ" ಎಂದರು ಫಾದರ್.

"ಅದಕ್ಕೂ ಇಡೀ ತರಗತಿಯನ್ನು ಸಾಲಾಗಿ ನಿಲ್ಲಿಸಿದಿರಿ, ಫಾದರ್!"

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ನನ್ನ ಮಗನಿಗೆ ತೊಟ್ಟಿಲಲ್ಲೇ ಲಿಂಗಧಾರಣೆ ಮಾಡಿಸಿದ್ದೆ. ಅವನ ಇಷ್ಟಲಿಂಗ ಹದಿನೈದು ವರ್ಷದಿಂದ ನಮ್ಮ ಬೀರುವಿನಲ್ಲಿದೆ. ನಿನಗೆ ಬೇಕೇನಪ್ಪ ಎಂದು ನಾನು ಕೇಳಿಯೇ ಇಲ್ಲ. ಊರಿಗೆ ಬಂದ ರಾತ್ರಿ ಫೋನ್ ಮಾಡಿದೆ. ಊಟ, ಮಳೆಯ ಮಾತಾಡಿ ಇಟ್ಟುಬಿಟ್ಟೆ.