ಕಸುಬು ಕೈಯಲ್ಲಿದ್ದರೆ ಸಾಲದು, ಲೆಕ್ಕವೂ ಕೈಯಲ್ಲಿರಲಿ
(ಬದನವಾಳಿನಲ್ಲಿ ನಗರದ ತರುಣರ ಮುಂದೆ ಮಾಡಿದ ಭಾಷಣ)



ಊಟಕ್ಕೆ ಮೊದಲು ನಿಮ್ಮಲ್ಲೊಬ್ಬ ತಮ್ಮ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: "ಅಣ್ಣಾ, ಐಟಿಐ ಮುಗಿಸಿ ನಾಲ್ಕು ವರ್ಷದಿಂದ ಗುತ್ತಿಗೆ ಕೆಲಸ ಮಾಡ್ತಿದ್ದೀನಿ. ಬಿಟ್ಟು ಸ್ವಂತ ಅಂಗಡಿ ಇಡಲಾ?"

"ಗುಲಾಮಗಿರಿ ಬಿಡು, ಸ್ವಂತ ದುಡಿ" ಎಂದು ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ತಿಂಗಳ ಕೊನೆಗೆ ಬಾಡಿಗೆ ಕಟ್ಟುವವನು ಅವನು, ನಾನಲ್ಲ. ಆದ್ದರಿಂದ ಲೆಕ್ಕವನ್ನೇ ಹೇಳುತ್ತೇನೆ.

ನಾವು ಕೂತಿರುವ ಈ ಊರನ್ನೇ ನೋಡಿ. 1927ರಲ್ಲಿ ಗಾಂಧೀಜಿ ಬಂದುಹೋದ ಊರಿದು. ತಗಡೂರು ರಾಮಚಂದ್ರರಾಯರಂಥವರು ಈ ಭಾಗದಲ್ಲಿ ಖಾದಿ ಕೆಲಸ ಕಟ್ಟಿದರು. 2015ರ ಏಪ್ರಿಲ್ 19ರಂದು ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸಮಾವೇಶ ಕರೆದದ್ದೂ ಇಲ್ಲೇ. ಇಷ್ಟಾದರೂ ಖಾದಿ ಕೇಂದ್ರದಲ್ಲಿ ನೂಲುವ ಹೆಣ್ಣುಮಗಳು ಸ್ವಂತ ಉದ್ಯೋಗಿಯಲ್ಲ. ಹಂಜಿ ಕೇಂದ್ರದ್ದು, ಮಾರಾಟ ಕೇಂದ್ರದ್ದು. ಆಕೆಗೆ ಲಡಿಗಿಷ್ಟು ಎಂದು ಕೂಲಿ, ನೇಯುವವರಿಗೆ ಮೀಟರಿಗಿಷ್ಟು. ಕಸುಬು ಕೈಯಲ್ಲಿದೆ, ಬೆಲೆ ಕಟ್ಟುವ ಅಧಿಕಾರವಿಲ್ಲ. ಆದರೆ ಹತ್ತಿಯ ಬೆಲೆ ಏರಿದರೆ ಸಾಲ ತರುವ ಹೊಣೆಯೂ ಆಕೆಯದಲ್ಲ. ಬೆಲೆ ಕಟ್ಟುವವನೇ ನಷ್ಟವನ್ನೂ ಹೊರಬೇಕು. ಸ್ವಂತ ಉದ್ಯೋಗ ಎಂದರೆ ಇಷ್ಟೇ.

ನಾನು ಮೋಟಾರ್ ವೈಂಡಿಂಗ್ ಮಾಡುವವನು. ಕಾರ್ಖಾನೆ ಬಿಟ್ಟು ಅಂಗಡಿ ಇಟ್ಟಾಗ ಸುಟ್ಟ ಮೋಟಾರ್ ಬಿಚ್ಚುವುದು ಗೊತ್ತಿತ್ತು, ಲೆಕ್ಕ ಬರೆಯುವುದು ಗೊತ್ತಿರಲಿಲ್ಲ. ಗಲ್ಲಾಪೆಟ್ಟಿಗೆಗೆ ಬಿದ್ದದ್ದೆಲ್ಲ ನನ್ನದೇ ಎಂದುಕೊಂಡೆ. ಒಬ್ಬ ಗುತ್ತಿಗೆದಾರ ಹನ್ನೊಂದು ಮೋಟಾರ್ ಕಟ್ಟಿಸಿಕೊಂಡು ಎಂಟು ತಿಂಗಳು ಅಲೆದಾಡಿಸಿದ. ತಾಮ್ರದ ಅಂಗಡಿಯ ಸಾಲ ತೀರಿಸಲು ಮನೆಯವಳ ಬಳೆ ಅಡವಿಟ್ಟೆ.

ಒಂದು ಉದಾಹರಣೆ ಬರೆದುಕೊಳ್ಳಿ. ತಿಂಗಳಿಗೆ 60,000 ರೂಪಾಯಿ ವಹಿವಾಟು. ತಾಮ್ರದ ತಂತಿ, ವಾರ್ನಿಷ್, ಬೇರಿಂಗಿಗೆ 30,000. ಬಾಡಿಗೆ, ಕರೆಂಟಿಗೆ 8,000. ಸಹಾಯಕ ಹುಡುಗನಿಗೆ 10,000. ಉಳಿದದ್ದು 12,000. ಅದರಲ್ಲೇ ಮರಳಿ ಸುಟ್ಟುಬಂದ ಮೋಟಾರನ್ನು ಪುಕ್ಕಟೆ ಕಟ್ಟಿಕೊಡಬೇಕು, ಮಳೆಗಾಲದ ಖಾಲಿ ದಿನ ಕಳೆಯಬೇಕು. ನಿನ್ನ ಈಗಿನ ಸಂಬಳ, ಪಿಎಫ್, ಇಎಸ್‌ಐ ಇವನ್ನು ಪಕ್ಕದಲ್ಲಿ ಬರೆದು ನೋಡು, ತಮ್ಮಾ.

ಹಾಗಾದರೆ ಬೇಡವೇ? ಬೇಕು, ತಯಾರಾಗಿ ಬರಬೇಕು. ಮೊದಲು ಭಾನುವಾರ, ಸಂಜೆ ಹೊತ್ತು ಕೆಲಸ ಹಿಡಿದು ನೋಡು. ನಿನ್ನ ಹೆಸರು ಕೇಳಿಕೊಂಡು ಎರಡನೇ ಸಲ ಬರುವ ಗಿರಾಕಿ ಎಷ್ಟು ಜನ, ಎಣಿಸು. ಆರು ತಿಂಗಳ ಮನೆಖರ್ಚು ಕೂಡಿಡು. ಲೆಕ್ಕ, ವ್ಯವಹಾರ ಕಲಿಯಲು 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಇದೆ. ಅಲ್ಲಿ ತರಬೇತಿ ಉಚಿತ. ಬಡಗಿ, ಕಮ್ಮಾರ, ದರ್ಜಿ ಮೊದಲಾದ 18 ಕಸುಬಿನವರಿಗೆ 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಶೇಕಡಾ 5ರ ಬಡ್ಡಿಗೆ ಮೊದಲು ಒಂದು ಲಕ್ಷದವರೆಗೆ ಸಾಲವಿದೆ. ವೈಂಡಿಂಗ್ ಅದರಲ್ಲಿಲ್ಲ. ನಮ್ಮಂಥವರು ಮುದ್ರಾ ಸಾಲ ಕೇಳಬೇಕು. ಸಾಲ ಯಾವುದಾದರೂ ತೀರಿಸುವ ದಾರಿ ಕಂಡಮೇಲೆ ಸಹಿ ಹಾಕು.

ಉದ್ಯಮ್ ನೋಂದಣಿ ಮಾಡಿಸು, ಅದಕ್ಕೆ ಶುಲ್ಕವಿಲ್ಲ. ಸಣ್ಣ ಉದ್ಯಮಿಗೆ ಕೊಡಬೇಕಾದ ಹಣವನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕೆಂದು 2006ರ ಕಾನೂನು ಹೇಳುತ್ತದೆ. ಆ ಕಾನೂನು ಗೊತ್ತಿದ್ದಿದ್ದರೆ, ಕೈಯಲ್ಲಿ ಬಿಲ್ಲು ಇದ್ದಿದ್ದರೆ ಆ ಬಳೆ ಉಳಿಯುತ್ತಿತ್ತೋ ಏನೋ. ಬಿಲ್ಲು ಕೊಡು, ಕನ್ನಡದಲ್ಲೇ ಕೊಡು. ಪಂಪ್‌ಸೆಟ್ ತರುವ ರೈತ ಏನು ರಿಪೇರಿಯಾಯಿತು, ಎಷ್ಟಾಯಿತು ಎಂದು ತಾನೇ ಓದಿಕೊಂಡರೆ ನಿನ್ನನ್ನು ನಂಬುತ್ತಾನೆ. ಆ ನಂಬಿಕೆಯೇ ನಿನ್ನ ಬಂಡವಾಳ.

ಒಬ್ಬನಿಗೇ ಭಾರವಾದರೆ ಕೂಡಿ ಕಟ್ಟಿ. ಸಾಗರದ ಹತ್ತಿರ ಹೆಗ್ಗೋಡಿನ ಚರಕದಲ್ಲಿ ಹಳ್ಳಿಯ ಹೆಂಗಸರು ಸಹಕಾರ ಸಂಘ ಕಟ್ಟಿಕೊಂಡು ನೇಯುತ್ತಾರೆ, ಬಣ್ಣ ಹಾಕುತ್ತಾರೆ. 2020ರಲ್ಲಿ ಅವರಿಗೂ ಹಣದ ಮುಗ್ಗಟ್ಟು ಬಂತು. ಸಂಘವಾದರೂ ಲೆಕ್ಕ ತಪ್ಪುವಂತಿಲ್ಲ.

ತಮ್ಮಾ, ನನ್ನ ಉತ್ತರ ಇದು. ನಾಳೆಯೇ ರಾಜೀನಾಮೆ ಬೇಡ. ನಾಳೆ ಒಂದು ನೋಟ್‌ಬುಕ್ ಕೊಂಡುಕೋ. ಆರು ತಿಂಗಳು ಬರೆ. ಅಂಗಡಿ ಇಡಬೇಕೋ ಬೇಡವೋ ಎಂದು ಆ ಪುಸ್ತಕವೇ ಹೇಳುತ್ತದೆ. ಇಡು ಎಂದರೆ ಧೈರ್ಯವಾಗಿ ಇಡು. ಮೊದಲ ಮೋಟಾರ್ ಕಟ್ಟುವ ದಿನ ನನಗೆ ಹೇಳಿಕಳಿಸು, ಬಂದು ನಿನ್ನ ಪಕ್ಕ ಕೂರುತ್ತೇನೆ.