ರಿಕ್ಷಾ ಮಿಸ್ಸಿಂಗ್ ಹೊಡೆದರೆ
ಬಾಂದ್ರಾದಿಂದ ದಹಿಸರದವರೆಗೆ ರಿಕ್ಷಾ ಓಡಿಸುವ ನಮ್ಮವರದು ಒಂದೇ ದೂರು: ಪೆಟ್ರೋಲಿನಲ್ಲಿ ಗಾಡಿ ಸರಿ, ಗ್ಯಾಸಿಗೆ ಹಾಕಿದರೆ ಮಿಸ್ಸಿಂಗ್. ಗಾಡಿ ನಿಂತರೂ ಮಾಲಿಕನ ಬಾಡಿಗೆ ನಿಲ್ಲದು. ಹಾಗೆಂದು ಕಿಟ್ಟೇ ಕೆಟ್ಟಿತೆಂದು ಗ್ಯಾರೇಜಿಗೆ ಓಡಬೇಡಿ. ಗ್ಯಾಸ್ ಹೊತ್ತಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಸವೆದ ಪ್ಲಗ್ಗಿನ ದೋಷ ಮೊದಲು ಕಾಣುವುದು ಗ್ಯಾಸಿನಲ್ಲೇ. ಎಂಜಿನ್ ತಣಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಸವೆದು ಸಂದು ಅಗಲವಾಗಿದ್ದರೆ ಹೊಸದು ಹಾಕಿ. ಎಣ್ಣೆ ಹತ್ತಿದ್ದರೆ ರೋಗ ಎಂಜಿನ್ನಿನ ಒಳಗಿದೆ, ಪ್ಲಗ್ಗಿಗೆ ದುಡ್ಡು ಸುರಿದು ಫಲವಿಲ್ಲ. ಪ್ಲಗ್ಗಿನ ಟೋಪಿ, ವಯರು ಬಿರಿದು ನೀರು ಹೊಕ್ಕಿದೆಯೋ ನೋಡಿ. ಕುರ್ಲಾದ ಮಳೆನೀರಿನಲ್ಲಿ ಗಾಡಿ ಇಳಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಇಷ್ಟಾದರೂ ಹೋಗದಿದ್ದರೆ ಕಿಟ್ಟಿನವನ ಬಳಿ ಹೋಗಿ. ಗ್ಯಾಸಿನ ಕೊಳವೆಗೆ ಮಾತ್ರ ನೀವು ಪಾನಾ ಹಚ್ಚಕೂಡದು; ತುಂಬಿದ ಸಿಲಿಂಡರಿನಲ್ಲಿ ಹೊರಗಾಳಿಯ ಸುಮಾರು 200 ಪಟ್ಟು ಒತ್ತಡವಿರುತ್ತದೆ.